ಹನ್ನೊಂದು ಜೇಬಿನ ಕೋಟು

ಕೌಲ್ ಬಜಾರಿನ ನನ್ನ ಅಂಗಡಿಯಲ್ಲಿ
ಅಳತೆ ಪುಸ್ತಕ ಈಗಲೂ ಇದೆ.
ಇಲಿ ತಿಂದು ಬಿಟ್ಟದ್ದನ್ನು ಓದಬಹುದು:
ಎರ್ರೆಪ್ಪ, ಕ್ಲಾರಿಯೊನೆಟ್. ಎದೆ ಮೂವತ್ತಾರು,
ತೋಳು ಇಪ್ಪತ್ತೈದೂವರೆ, ಬಲಗೈ ಕಾಲಿಂಚು ಉದ್ದ.
ಜೇಬು ಹನ್ನೊಂದು.

"ಹನ್ನೊಂದ್ಯಾಕಪಾ?" ಅಂದೆ.
"ಒದ್ದೆ ರೀಡಿಗೊಂದು, ಒಣ ರೀಡಿಗೊಂದು,
ಮದ್ರಾಸಿನ ಟಿಕೀಟು, ಮಂಡಕ್ಕಿ, ಹಲ್ಲುಪುಡಿ.
ಉಳಿದವು ಖಾಲಿ ಇರ್ಲಿ ರಾಜಾಸಾಬ್,
ಖಾಲಿ ಇದ್ದಲ್ಲೇ ನಾದ ಕುಂದರ್ತೈತಿ."

ಮೇ ತಿಂಗಳು. ಕೋಟೆ ಗುಡ್ಡ ಕಾದ ಹಂಚು.
ನಾಯಿಗಳು ಚರಂಡಿಯಲ್ಲಿ ಕತ್ತು ಚಾಚಿದ ಹೊತ್ತಿನಲ್ಲಿ
ಆ ಉಣ್ಣೆ ಕೋಟು ತೊಟ್ಟು ನಡೆದ
ಮೋತಿ ಸರ್ಕಲ್ಲಿನ ನಡುವೆ, ನೆರಳಿನ ಕಡೆ ನೋಡದೆ.
ಹೆಸರಲ್ಲೇ ಎರ್ರಿ ಐತಲ್ಲ ಎಂದು ತೆಲುಗು ಬಲ್ಲವರು ನಕ್ಕರು.
ತೆಲುಗು ಬಾರದವರು ಇಲ್ಲಿ ಯಾರು?

ಅರವತ್ಮೂರು ಸಿನಿಮಾ. ನಲವತ್ತೊಂದರಲ್ಲಿ ಸತ್ತ.
ಕನ್ನಡದಲ್ಲಿ ಗುಂಡು ತಿಂದು, ತೆಲುಗಿನಲ್ಲಿ ಬಾವಿಗೆ ಬಿದ್ದು,
ತಮಿಳಿನಲ್ಲಿ ಒಮ್ಮೆ ಆನೆ ತುಳಿದು.
ಆನೆಗೆ ಅವನಿಗಿಂತ ಜಾಸ್ತಿ ಪಗಾರ,
ಅದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದ.
ಚಿತ್ರ ಊರಿಗೆ ಬಂದಾಗ ಟಾಕೀಸಿನ ಮೊದಲ ಸಾಲಿನಲ್ಲಿ
ಪರದೆಗೆ ಬೆನ್ನು ಹಾಕಿ ಕೂರುತ್ತಿದ್ದ.
ತನ್ನ ಸಾವು ಅವನಿಗೆ ಗೊತ್ತು, ನೋಡಬೇಕಿದ್ದದ್ದು ನಮ್ಮ ಮುಖ.
ಬಾಲ್ಕನಿಯಿಂದ ಅವನ ಹೆಂಡತಿ ಶಂಕ್ರಮ್ಮ
ಆ ದೃಶ್ಯಕ್ಕೆ ಸರಿಯಾಗಿ ಎದ್ದು ಹೊರಗೆ ಹೋಗುವಳು,
ಸೋಡಾ ಕುಡಿಯಲಿಕ್ಕೆ.

ಕೆಟ್ಟದ್ದು ಒಂದು ಚೂರಿಯಿಂದ.
ಹಾಡಿನ ನಡುವೆ ಬರುವ ಸಾವು. ಟೇಪು ತಿರುಗುತ್ತಿತ್ತು.
ನಾಯಕ ಇರಿದ. ಇವನು ನಿಂತೇ ಇದ್ದ.
ಮತ್ತೆ ಇರಿದ. ಮತ್ತೂ ನಿಂತ.
"ನಿಷಾದ ಇಳಿದೈತಿ" ಅಂದನಂತೆ,
"ಸುಳ್ಳು ಸ್ವರಕ್ಕ ನಾ ಬೀಳಂಗಿಲ್ಲ."
ನಿರ್ದೇಶಕ ಬೈದ, ನಿರ್ಮಾಪಕ ಕೈಮುಗಿದ,
ನಾಯಕನ ತೋಳು ನೋಯತೊಡಗಿತು, ಊಟದ ಬೆಲ್ಲಾಯಿತು.
ಮರುದಿನ ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ
ಬಣ್ಣದ ರಕ್ತ ಒರೆಸದೆಯೇ ಬಳ್ಳಾರಿಗೆ ಇಳಿದ.
ಸ್ಟೇಷನ್ನಿನಲ್ಲಿ ಒಬ್ಬ ಪೊಲೀಸ ಸಲಾಮು ಹೊಡೆದ,
ಇನ್ನೊಬ್ಬ ಹಿಡಿದ.

ಆಮೇಲೆ ಮದುವೆ ಬ್ಯಾಂಡು.
ಯಾರಾದರೂ "ಅಲೇಲೇ, ಆನಿ ತುಳಿದವ!" ಅಂದರೆ
ಅಲ್ಲೇ ನುಡಿಸುವುದು ಬಿಟ್ಟು, ಮದುಮಗನ ಕುದುರೆ ಎದುರು ಬಿದ್ದು
ಒಂದು ಸಲ ಸತ್ತು ತೋರಿಸಿ, ಮಣ್ಣು ಕೊಡವಿ
ಬಿಟ್ಟ ಸ್ವರದಿಂದಲೇ ಹಿಡಿಯುತ್ತಿದ್ದ.
ಕುದುರೆಗೂ ರೂಢಿಯಾಗಿತ್ತು.

ಮಧ್ಯಾಹ್ನ ಎರಡಕ್ಕೆ ರೈಲ್ವೆ ಗೇಟು.
ಅದಿರು ತುಂಬಿದ ಗೂಡ್ಸು ಕೆಂಪು ಧೂಳು ಎಳೆದು ಬರುವಾಗ
ಅದರ ಕೂಗಿಗೆ ಶ್ರುತಿ ಹೊಂದಿಸಿ ಊದುತ್ತಿದ್ದ.
"ಐವತ್ತೆಂಟು ಡಬ್ಬಿ ರಾಜಾಸಾಬ್, ಒಂದೂ ತಾಳ ತಪ್ಪಲ್ಲ.
ಇಷ್ಟು ದೊಡ್ಡ ವಾದ್ಯ ಯಾವ ಸ್ಟುಡಿಯೋದಾಗೈತಿ?"
ಜೀನ್ಸ್ ಹೊಲಿಯುವ ಹುಡುಗರು ನಗುತ್ತಿದ್ದರು.
ನಾನೂ ನಕ್ಕಿದ್ದೇನೆ. ಸುಳ್ಳು ಯಾಕೆ.

ಪುಸ್ತಕದ ಕೊನೆಯ ಪುಟ: ಎದೆ ಮೂವತ್ತೆರಡು.
ಅಷ್ಟು ಉಸಿರು ಊರಿಗೆ ಹಂಚಿದ ಮೇಲೆ ಇನ್ನೆಷ್ಟು ಇದ್ದೀತು.
ಕೋಟು ಹಿಡಿಸು ಅಂದ, ಜೇಬು ಮಾತ್ರ ಮುಟ್ಟಬೇಡ ಅಂದ.

ಅವನು ನಿಜಕ್ಕೂ ಹೋದ ದಿನ ಓಣಿ ನಂಬಲಿಲ್ಲ.
ಮಕ್ಕಳು ಸುತ್ತ ಕುಳಿತು ಎಣಿಸಿದರು, ಹತ್ತು, ಇಪ್ಪತ್ತು,
"ಏಳ್ತಾನ, ತಡಿ."
ಮೂವತ್ತರ ಆಚೆ ಎಣಿಕೆ ತಪ್ಪಿತು.
ಶಂಕ್ರಮ್ಮ ಈ ಸಲ ಹೊರಗೆ ಹೋಗಲಿಲ್ಲ.

ಕೋಟು ನನ್ನಲ್ಲೇ ಉಳಿದಿದೆ, ಹೊಲಿಗೆ ಬಿಚ್ಚಿದ್ದು ಹಾಗೇ.
ಒಂದರಲ್ಲಿ ಮೆತ್ತಗಾದ ಮಂಡಕ್ಕಿ, ಒಂದರಲ್ಲಿ ಸೀಳಿದ ರೀಡು.
ಬಾಗಿಲು ಮುಂದೆ ಮಾಡಿ ಬಾಯಿಗಿಟ್ಟು ಊದಿದೆ.
ಎಣ್ಣೆ ಸಾಲದ ಮಿಶಿನ್ನಿನ ಸದ್ದು.
ಉಳಿದ ಒಂಬತ್ತನ್ನು ಬಲು ಹೊತ್ತು ತಡಕಿದೆ.

ಲೈನಿಂಗಿನ ಬಾಕಿ ನಲವತ್ತು ರೂಪಾಯಿ ಬರೆದದ್ದು
ಇನ್ನೂ ಹೊಡೆದುಹಾಕಿಲ್ಲ.