ಕಲ್ನಾರು

ಶಿಡ್ಲಘಟ್ಟದ ಬಿಇಒ ಆಫೀಸಿನಿಂದ ನಮೂನೆ ಬಂದಿದೆ.
ಛಾವಣಿ: ತಾರಸಿ, ಹೆಂಚು, ಶೀಟು, ಇತರೆ.
ಶೀಟಿನ ಎದುರು ಗುರುತು ಹಾಕಿ
ಕೆಳಗಿನ ಸಾಲಿಗೆ ಇಳಿಯಬೇಕು ನಾನು,
ನಲ್ಲಿ ಎಷ್ಟು, ಶೌಚಾಲಯ ಎಷ್ಟು.
ಪೆನ್ನು ಅಲ್ಲೇ ನಿಂತಿದೆ.

ಐದನೇ ಕ್ಲಾಸಿನ ನೆತ್ತಿಯಲ್ಲೊಂದು ತೂತು,
ಬೋಲ್ಟು ಕಳಚಿ ಬಿದ್ದು ಎಷ್ಟು ವರ್ಷವೋ.
ಅದರಿಂದ ಇಳಿಯುವ ಬಿಸಿಲು ಎಂಟಾಣೆಯಗಲ.
ಹತ್ತೂವರೆಗೆ ಬೋರ್ಡಿನ ಬುಡದಲ್ಲಿ.
ಗಂಗುಲಮ್ಮ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ
ಮುಬೀನಾಳ ಪುಸ್ತಕದ ಮೇಲೆ.
ಬೆಲ್ ಟೈಮು ಮಿಸ್, ಅನ್ನುತ್ತಾಳೆ,
ಗಡಿಯಾರ ಕೆಟ್ಟು ನಾವು ರಿಪೇರಿ ಮಾಡಿಸಿಲ್ಲ.

ಆ ಬಿಸಿಲ ಕೋಲಿನೊಳಗೆ ಧೂಳು ಕುಣಿಯುತ್ತದೆ.
ಅಂಗೈಯಲ್ಲಿ ಹಿಡಿಯುವವರು, ಊದುವವರು,
ಬಾಯಿ ತೆರೆದು ನುಂಗುವವರು.
ನಾನೂ ಆಡಿದ ಆಟ, ಇದೇ ಕೋಣೆ.

ಶೀಟು ಬಂದಾಗ ನಾನು ಮೂರನೇ ಕ್ಲಾಸು.
ಹೆಂಚು ಸೋರಿ ಹಾಜರಿ ಪುಸ್ತಕ ನೆಂದಿದ್ದ ವರ್ಷ.
ಮೊದಲ ಶೀಟಿಗೆ ಚೆಂಡುಹೂವಿನ ಹಾರ ಹಾಕಿ
ನಮಗೆಲ್ಲ ಕಡಲೆಪುರಿ ಹಂಚಿದರು.
ನಾರೆಪ್ಪ ಲುಂಗಿ ಎತ್ತಿ ಕಟ್ಟಿ ಗರಗಸ ಎಳೆದ.
ಹಿಟ್ಟಿನ ಮಿಲ್ಲಿನಂತೆ ಅವನ ಹುಬ್ಬು, ಮೀಸೆ, ರೆಪ್ಪೆ.
ಉದುರಿದ ಪುಡಿ ನಾವು ಮುಷ್ಟಿಮುಷ್ಟಿ ಬಾಚಿ
ಕುಂಟೆಬಿಲ್ಲೆಯ ಗೆರೆ ಎಳೆದೆವು.
ಬಿಲ್ಲೆಯೂ ಅದರದೇ ಚೂರು.
ಮೇಷ್ಟ್ರು ಬೈಯಲಿಲ್ಲ,
ಸೀಮೆಸುಣ್ಣ ಉಳಿಯಿತಲ್ಲ.

ಹೋದ ತಿಂಗಳು ಅಳತೆಗೆ ಬಂದ ಎಳೇ ಇಂಜಿನಿಯರು
ದನಿ ತಗ್ಗಿಸಿ ಹೇಳಿದ:
ಆಸ್ಬೆಸ್ಟಾಸ್ ಮೇಡಂ. ಸುಮ್ಮನಿದ್ದರೆ ಸುಮ್ಮನಿರುತ್ತೆ.
ಒಡೀಬಾರದು, ಕೊರೀಬಾರದು, ಉಜ್ಜಬಾರದು.
ಮೇಲೆ ಆಗಲೇ ಕೋತಿಗಳ ಓಟ.
ಪ್ರತಿ ಜಿಗಿತಕ್ಕೂ ಸಣ್ಣಗೆ ಏನೋ ಉದುರುವ ಸದ್ದು.

ನಿಘಂಟು ತೆಗೆದು ಬೋರ್ಡಿನ ಮೇಲೆ ಬರೆದೆ: ಕಲ್ನಾರು.
ಕಲ್ಲಿಗೂ ನಾರಿರುತ್ತಾ ಮಿಸ್?
ಕೇಳಿದ್ದು ಮುಬೀನಾ. ಮನೆಯಲ್ಲಿ ರೀಲಿಂಗು ಅವರದು,
ಬಿಸಿನೀರಲ್ಲಿ ಸುಕ್ಕಾದ ಅಮ್ಮನ ಬೆರಳು
ಗೂಡಿನ ಎಳೆಯ ತುದಿ ಕಣ್ಮುಚ್ಚಿ ಹುಡುಕುತ್ತದೆ.
ಇದರ ತುದಿ ಎಲ್ಲಿ?
ನಿಮ್ಮಮ್ಮನ ಬೆರಳಿಗೂ ಸಿಗದಷ್ಟು ಸಣ್ಣದು, ಅಂದೆ.
ಹೋಗಿ ಎಲ್ಲಿ ಕೂರುತ್ತೆ?
ಎದೆ ಮುಟ್ಟಿಕೊಂಡೆ.
ಇಡೀ ಕ್ಲಾಸು ಎದೆ ಮುಟ್ಟಿಕೊಂಡಿತು.
ಹಿಂದಿನಿಂದ ಯಾರೋ ತಮಾಷೆಗೆ ಕೆಮ್ಮಿದರು, ಎಲ್ಲರೂ ಕೆಮ್ಮಿದರು,
ನಗು ತಡೆಯಲಾಗದೆ ನಾನೂ.

ನಾರೆಪ್ಪ ಈಗ ಡೇರಿ ಕಟ್ಟೆಯ ಮೇಲೆ ಕೂತಿರುತ್ತಾನೆ.
ಕೋಲಾರದ ಡಾಕ್ಟರು ಬೀಡಿ ಬಿಡು ಅಂದರಂತೆ.
ಮುಟ್ಟಿದ್ದರೆ ತಾನೆ ತಾಯಿ ಬಿಡೋದು,
ಅಂತ ನಗುತ್ತಾನೆ, ನಗು ಅರ್ಧಕ್ಕೇ ಕೆಮ್ಮಾಗುತ್ತದೆ.
ಶೀಟಿನದೇ ಅನ್ನಲು ನನ್ನ ಹತ್ತಿರ ಕಾಗದವಿಲ್ಲ.
ಅಲ್ಲ ಅನ್ನಲು ಯಾರ ಹತ್ತಿರವೂ ಇಲ್ಲ.
ಮೂವತ್ತು ನಲವತ್ತು ವರ್ಷ ಕಾಯುತ್ತದಂತೆ ಅದು.
ನನಗೆ ಆಗ ಎಂಟು, ಈಗ ನಲವತ್ತಾರು.
ಕಳೆಯುವ ಲೆಕ್ಕ ಬೋರ್ಡಿನ ಮೂಲೆಯಲ್ಲಿ ಮಾಡಿ
ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಅನ್ನುತ್ತಿದ್ದಳು ಅಜ್ಜಿ.
ಈ ನಾರು
ಹೂವನ್ನೇ ಕರೆದುಕೊಂಡು ಹೊರಡುವ ಜಾತಿಯದು.

ನೀರು ಚಿಮುಕಿಸಿ ಗುಡಿಸು ಅಂದರೆ ಗಂಗುಲಮ್ಮ ಸಿಡುಕುತ್ತಾಳೆ,
ಟ್ಯಾಂಕರು ಬರೋದೇ ವಾರಕ್ಕೆರಡು ಸಲ.
ಚೌಡರೆಡ್ಡಿ, ಶಾಲಾ ಸಮಿತಿ ಅಧ್ಯಕ್ಷರು, ಗೇಟಿನಲ್ಲೇ ಹಿಡಿದರು:
ಶೀಟು ಇಳಿಸೋದಾದರೆ ನನಗೇ ಕೊಡಿ ಮೇಡಂ,
ಹುಳು ಮನೆಗೆ ಬೇಕು.
ಅವರ ಹುಳು ಮನೆಯಲ್ಲಿ ಊದುಬತ್ತಿ ಹಚ್ಚುವುದಿಲ್ಲ.
ಕಾಲು ತೊಳೆಯದೆ ಯಾರೂ ಹೊಸಿಲು ದಾಟುವುದಿಲ್ಲ.
ನಾನು ಅದು ಇದು ವಿವರಿಸಿದೆ. ಗಂಭೀರವಾಗಿ ಕೇಳಿದರು.
ಆಮೇಲೆ,
ಹುಳುವಿಗೆ ಏನೂ ಆಗಲ್ಲ ತಾನೆ?

ಶೀಟು ಬಿಟ್ಟು ಇತರೆಗೆ ಗುರುತು ಹಾಕಿದೆ.
ಪಕ್ಕದಲ್ಲಿ ದುಂಡಗೆ ಬರೆದೆ, ಕಲ್ನಾರು.
ಗುಮಾಸ್ತರು ಫೋನ್ ಮಾಡುತ್ತಾರೆ, ಇದೇನು ಮೇಡಂ ಅಂತ.
ಮಾಡಲಿ.

ಮುಬೀನಾ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಾಳೆ,
ಇನ್ನೊಂದು ಅಂಗೈ ಚಾಚಿ
ಅದರ ಮೇಲೆ ಕೂತ ಎಂಟಾಣೆ ಬಿಸಿಲನ್ನು
ನನಗೆ ತೋರಿಸುತ್ತಿದ್ದಾಳೆ.