ಬಿಳಿಯುಟ್ಟು ಬಾ

ಫೋನಿನಲ್ಲಿ ಮೂರು ಸಲ ಹೇಳಿದ್ದೆ, ನನ್ನ ಹರಕುಮುರುಕು ಹಿಂದಿಯಲ್ಲಿ:
ಬಿಳಿ, ಮಗಳೇ, ಬಿಳಿ.
ನಮ್ಮಲ್ಲಿ ಮದುವೆಗೆ ಬರುವವರು ಬಿಳಿ ಹೊದ್ದು ಬರುತ್ತಾರೆ.
ಗಂಡಸರಿಗೆ ಪಂಚೆ, ಜುಬ್ಬ, ಹೆಗಲಿಗೊಂದು ಶಾಲು,
ಹೆಂಗಸರಿಗೆ ತಾವರೆಯ ಒಳದಳದ ಬಣ್ಣದ ಫನೇಕು,
ಮೇಲೆ ಇನ್ನಫಿ, ಉಫ್ ಎಂದರೆ ಹಾರುವಷ್ಟು ತೆಳು.
ಕೆಂಪು, ಹಸಿರು, ಝಗಮಗ ಎಲ್ಲ ಮದುಮಗಳಿಗೆ ಬಿಡು.
ಕನ್ನಡಿಚೂರು ಹೊಲಿದ, ಡೋಲಿನಂತೆ ನಿಲ್ಲುವ ಆ ಲಂಗದೊಳಗೆ
ಅವಳೊಬ್ಬಳೇ ಬೆವರಲಿ.

"ಆಯ್ತು ಮಾಸಿ" ಎಂದಳು ಜಸ್ಪಿಂದರ್.
ಆಮೇಲೆ ಅಮ್ಮನನ್ನು ಕೇಳಿದಳಂತೆ.
ಲೂಧಿಯಾನದ ಆ ತಾಯಿ ಒಲೆಯ ಮುಂದಿನಿಂದ ಏಳದೆಯೇ ತೀರ್ಪು ಕೊಟ್ಟಳಂತೆ:
ಮದುವೆಗೆ ಬಿಳಿಯೆ?
ಆ ಮುದುಕಿಗೆ ಹಿಂದಿ ಬರುವುದಿಲ್ಲ ಕಣೆ,
ಕೆಂಪುಟ್ಟು ಹೋಗು.

ಬಂದಳು.
ವಾಂಗ್ಖೈನ ನಮ್ಮ ಅಂಗಳದಲ್ಲಿ ಚಾಪೆ ಹಾಸಿ ಆಗಿತ್ತು,
ತುಳಸಿಯ ಸುತ್ತ ಚಪ್ಪರ, ಪುಂಗ್ ಬಾರಿಸುವವರು ಚರ್ಮಕ್ಕೆ ಕಿವಿಯಿಟ್ಟು
ಶ್ರುತಿ ನೋಡುತ್ತಿದ್ದರು.
ನಮ್ಮ ಲಿಂಥೋಯ್‌ಗೂ ಇವಳಿಗೂ ಪಟಿಯಾಲದ ಹಾಸ್ಟೆಲಿನಲ್ಲಿ
ನಾಲ್ಕು ವರ್ಷ ಒಂದೇ ಕೋಣೆ.
ನಮ್ಮವಳದು ಕತ್ತಿವರಸೆ, ಇವಳದು ಹ್ಯಾಮರ್ ಎಸೆತ.
ಬಾಗಿಲು ತುಂಬುವ ಭುಜ,
ಭುಜದ ಮೇಲೆ ಉರಿಯುವ ಫುಲ್ಕಾರಿ, ಕೈತುಂಬ ಬಳೆ.
ಇನ್ನೂರು ಬಿಳಿ ತಲೆಗಳು ಒಟ್ಟಿಗೆ ತಿರುಗಿದವು,
ಕೊಳದ ಬಾತುಗಳ ಹಾಗೆ.

ನನ್ನ ಕಿವಿಗೆ ಬಾಗಿ, ಗಂಟಲು ತಗ್ಗಿಸಿ ಕೇಳಿದಳು:
"ಮಾಸಿ, ಯಾರು ತೀರಿಕೊಂಡರು?"

ನಗು ತಡೆಯಲು ತುಟಿ ಕಚ್ಚಿಕೊಂಡೆ.
ಒಳಕೋಣೆಗೆ ಎಳೆದೊಯ್ದು ಪೆಟ್ಟಿಗೆ ತೆಗೆದೆ.
ಇಪ್ಪತ್ತೆರಡು ದಿನ ಮಗ್ಗದಲ್ಲಿ ಕೂತು ನೇಯ್ದ ಇನ್ನಫಿ,
ಅಂಚಿಗೆ ಅಕ್ಕಿಕಾಳಿನಷ್ಟು ಹೂವು.
ಬಿಡಿಸಿ ಹಿಡಿದೆ. ಅವಳು ಹಿಂದೆ ಸರಿದಳು.
ನಾಲ್ಕು ಕಿಲೋ ಕಬ್ಬಿಣವನ್ನು ಗರಗರ ತಿರುಗಿಸಿ ಬಿಸಾಡುವ ಹುಡುಗಿ
ಅರ್ಧ ಪಾವಿನ ಬಟ್ಟೆಗೆ ಹೆದರಿದಳು.

ಆಮೇಲೆ ಹೇಳಿದಳು. ಈ ಫುಲ್ಕಾರಿ ಅಜ್ಜಿಯದು,
ಮದುವೆಗೆ ಮುಂಚೆ ಅವಳೇ ಹೊಲಿದದ್ದು.
ಇಪ್ಪತ್ತಾರಕ್ಕೆ ಗಂಡ ಹೋದ. ಅಲ್ಲಿಂದ ಐವತ್ತೊಂದು ವರ್ಷ ಬಿಳಿ ದುಪಟ್ಟ.
ಯಾರ ಮದುವೆಯಲ್ಲೂ ಮುಂದಿನ ಸಾಲಿನಲ್ಲಿ ಕೂರಲಿಲ್ಲ.
"ಇದನ್ನು ಹೇಗೆ ಹೊದೆಯಲಿ, ಮಾಸಿ?"

ನಾನೇನು ಹೇಳಲಿ?
ನೂಲಿಗೆ ಬಣ್ಣ ಹಾಕುವುದು ಗೊತ್ತು ನನಗೆ,
ಬಣ್ಣದ ಅರ್ಥ ಕೀಳುವುದು ಗೊತ್ತಿಲ್ಲ.
ಮಡಿಚಿ ಅವಳ ಮಡಿಲಲ್ಲಿಟ್ಟೆ. ಹೊದೆಯಬೇಡ, ಹಿಡಿದುಕೊಂಡಿರು ಎಂದೆ.
ಮುಂದಿನ ಸಾಲಿಗೇ ಕರೆತಂದು ನನ್ನ ಪಕ್ಕ ಕೂರಿಸಿದೆ.

ಲಿಂಥೋಯ್ ವರನ ಸುತ್ತ ಸುತ್ತತೊಡಗಿದಳು,
ಸುತ್ತಿಗೊಂದು ಹಿಡಿ ಹೂವು ಎರಚುತ್ತ.
ನಾಲ್ಕನೆಯ ಸುತ್ತಿಗೆ ಪುಂಗ್ ಎದೆಯೊಳಗೆ ಬಡಿಯಿತು.
ಜಸ್ಪಿಂದರ್ ಅತ್ತಳು. ಚಿಕ್ಕದಾಗಿ ಅಲ್ಲ,
ಮೈದಾನದವರು ಅಳುವಂತೆ.
ಅತ್ತು, ಕೈಗೆ ಸಿಕ್ಕಿದ್ದರಲ್ಲಿ ಸೊರ್ರನೆ ಮೂಗು ಒರೆಸಿದಳು.
ಇಪ್ಪತ್ತೆರಡು ದಿನ!
ನಾನು ಕಣ್ಣು ಮುಚ್ಚಿಕೊಂಡೆ.
ತೆರೆದಾಗ ಏಳನೆಯ ಸುತ್ತು ಮುಗಿದಿತ್ತು,
ಇನ್ನಫಿ ಅವಳ ಭುಜದ ಮೇಲಿತ್ತು, ಫುಲ್ಕಾರಿಯ ಮೇಲೇ.
ಒಂದು ಗೇಣು ಸಾಲದು. ತೆಳುವಿನ ಕೆಳಗಿಂದ ಕೆಂಪು
ಕೆಂಡಕ್ಕೆ ಬೂದಿ ಕವಿದಂತೆ ಕಾಣುತ್ತಿತ್ತು.
ನಮ್ಮ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು.
ಅವರ ಬಾಯಿಗೆ ಎಲೆಯಡಿಕೆ ಕೊಟ್ಟೆ.

ಮೊನ್ನೆ ಫೋನು. ಜನವರಿಗೆ ಅವಳ ಅಣ್ಣನ ಮದುವೆ,
ಬರಲೇಬೇಕಂತೆ.
ಈ ಸಲ ಕೇಳುವ ಸರದಿ ನನ್ನದು:
ಏನು ಉಟ್ಟು ಬರಲಿ, ಮಗಳೇ?
ಆ ಕಡೆ ಗುಸುಗುಸು. ತಾಯಿ ಏನೋ ಅಂದಳು,
ಮಗಳು ಏನೋ ಅಂದಳು, ಪಾತ್ರೆಯೊಂದು ಬಿತ್ತು.

"ಮಾಸಿ, ಏನಾದರೂ ಉಡಿ.
ಒಳಗೊಂದು ಸ್ವೆಟರ್ ಇರಲಿ. ಇಲ್ಲಿ ಮಂಜು,
ಪಕ್ಕದವರು ತೊಟ್ಟ ಬಣ್ಣವೂ ಕಾಣುವುದಿಲ್ಲ."