ಲೆಕ್ಕಕ್ಕಿಲ್ಲದ ತೋಟಾ

ಕೋಲಾರದ ಗಡಿಯಾರ ಗೋಪುರದ ಹಿಂದಿನ ಗಲ್ಲಿಗೆ
ಇದು ಮೂರನೇ ಸಲ ಬರುತ್ತಿರುವುದು,
ತೇರಹಳ್ಳಿ ಬೆಟ್ಟದ ಬಸ್ಸಿಳಿದು,
ಲೈಸೆನ್ಸು ಪುಸ್ತಕವನ್ನು ರವಿಕೆ ಕಣದಲ್ಲಿ ಸುತ್ತಿಕೊಂಡು.
"ಎಲ್‌ಜಿ ಬಂದಿಲ್ಲಮ್ಮಾ," ಅಂತಾರೆ ಸತ್ತಾರ್ ಸಾಬರು,
"ಫ್ಯಾಕ್ಟರಿಯವರೇ ಕಳಿಸ್ತಿಲ್ಲ. ಆರನೇ ನಂಬರಿದೆ, ಹಕ್ಕಿಗಾಗುತ್ತೆ.
ನಿಮ್ಮೂರ ಹಂದಿ ಅದನ್ನ ಸೊಳ್ಳೆ ಅಂದ್ಕೊಳ್ಳುತ್ತೆ."

ಮಾಲು ಸಿಗದ ವರ್ಷಗಳಲ್ಲಿ ಅಪ್ಪ ಕೇಳಲೂ ಬರುತ್ತಿರಲಿಲ್ಲ.
ಹೊಡೆದು ಖಾಲಿಯಾದ ಹಿತ್ತಾಳೆ ಕೊಳವೆಗಳನ್ನು
ಹುಣಸೆಹಣ್ಣು ಹಚ್ಚಿ ಅವ್ವನೇ ಉಜ್ಜಿ
ಲೋಟಗಳ ಸಾಲಿನಲ್ಲೇ ಬೋರಲು ಹಾಕುವಳು.
ನೆಂಟರ ಮಗುವೊಂದು ಅದರಲ್ಲಿ ನೀರು ಕುಡಿದದ್ದೂ ಉಂಟು.
ಮದ್ದಿಗೆ ನಶ್ಯದ ಡಬ್ಬಿಯ ಮುಚ್ಚಳವೇ ಅಳತೆ.
ಮದ್ದಿಗೂ ಚರೆಗೂ ನಡುವೆ ಮೆತ್ತನೆ ಬಿಲ್ಲೆ:
ರಾಬರ್ಟ್‌ಸನ್‌ಪೇಟೆಯ ಹರಾಜಿನಲ್ಲಿ ತಂದ
ಗಣಿ ಫೋರ್‌ಮನ್ನನ ಉಣ್ಣೆ ಟೋಪಿ.
ಒಂದು ಟೋಪಿ ಎರಡು ಬೆಳೆಗೆ ಸಾಕಾಯಿತು.

ಬಾಯಿ ಮುಚ್ಚಲು ಮಾತ್ರ ಮದುವೆ ಪತ್ರಿಕೆಯೇ ಆಗಬೇಕು.
ಆ ರಟ್ಟಿನ ಗಡಸು ಇನ್ಯಾವುದಕ್ಕೂ ಇಲ್ಲವಂತೆ.
ಊರವರ ಮದುವೆಗಳೆಲ್ಲ ದುಂಡಗೆ ಕತ್ತರಿಸಿಕೊಂಡು
ಕಡಲೆಕಾಯಿ ಹೊಲದ ಮೇಲೆ ಹಾರಿಹೋದವು.
ಸುಮುಹೂರ್ತ ಒಂದು, ಸುಖಾಗಮನ ಅರ್ಧ.
ಬೆಳಿಗ್ಗೆ ಕಳೆ ಕೀಳುವವರ ಕೈಗೆ
ಅಂಚು ಸುಟ್ಟ ಪುಟ್ಟ ಗಣಪತಿ.

ಅವನ ಒಂದೊಂದು ತೋಟಾಕ್ಕೂ ಒಂದೊಂದು ಗುಣ.
ಒಂದು ಹೆಗಲು ಕಿತ್ತುಬರುವ ಹಾಗೆ ಒದೆಯಿತು.
ಒಂದು ಕೆಮ್ಮಿತು, ಅಷ್ಟೆ. ಹಂದಿ ತಲೆಯೆತ್ತಿ ನೋಡಿ
ಮತ್ತೆ ತಿನ್ನತೊಡಗಿತು.
ಇನ್ನೊಂದು, ಟಕ್.
ಸದ್ದಿಲ್ಲ.
"ಅಲ್ಲಾಡಬೇಡ," ಅಂದ. ನಳಿಗೆ ಬೆಟ್ಟದ ಕಡೆಗೇ ಇತ್ತು.
ಇಬ್ಬರೂ ಪಿಸುದನಿಯಲ್ಲಿ ನೂರರವರೆಗೆ ಎಣಿಸಿದೆವು.
ಅಪ್ಪನೂ ನಾನೂ ಒಂದೇ ಮಾತನ್ನು ಒಟ್ಟಿಗೆ ಆಡಿದ್ದು
ಅದೊಂದೇ ಸಲ.

ಕೊನೆಗೆ ಗಲ್ಲಾಪೆಟ್ಟಿಗೆಯ ಕೆಳಗಿನಿಂದ
ಐದು ಎಲ್‌ಜಿ ತೆಗೆದರು ಸಾಬರು, ಯಾರಿಗೋ ಎತ್ತಿಟ್ಟಿದ್ದವು.
ಕೆಂಪು ಪ್ಲಾಸ್ಟಿಕ್ಕು, ಒಂದರ ಹಾಗೇ ಇನ್ನೊಂದು,
ಯಾರ ಕೈಯದೂ ಅಲ್ಲ.
ಪುಸ್ತಕದಲ್ಲಿ ಬರೆದು ಠಸ್ಸೆ ಒತ್ತಿದರು.

ಆಮೇಲೆ ನಾನು ಟ್ರಂಕಿನ ತಳದಲ್ಲಿ ಸಿಕ್ಕ ಅಪ್ಪನದೊಂದನ್ನು
ಮೇಜಿನ ಮೇಲಿಟ್ಟೆ.
ಅಂಗೈಯಲ್ಲಿ ತೂಗಿ ನೋಡಿದರು. "ಇದನ್ನ ಕೋವಿಗೆ ಹಾಕಬೇಡ, ತಾಯಿ.
ಒಳಗೇನು ತುಂಬಿದಾನೋ ಪಿಳ್ಳಪ್ಪನಿಗೇ ಗೊತ್ತು,
ಅವನನ್ನ ಕೇಳೋಣ ಅಂದ್ರೆ..."
ಕನ್ನಡಕ ಏರಿಸಿ ಮುಚ್ಚಳ ಓದಿದರು: 'ಚಿ. ಸೌ. ಬಯ್ಯ'.
ಅಲ್ಲಿಗೆ ಕತ್ತರಿ.

ನನ್ನ ಮದುವೆಯ ಪತ್ರಿಕೆ ಒಂದು ಕಟ್ಟು ಮಿಕ್ಕಿತ್ತು.
ನಾಲ್ಕನೇ ವರ್ಷ ಟ್ರಂಕು ಹೊತ್ತು ವಾಪಸು ಬಂದಾಗ
ಅಪ್ಪ ಏನೂ ಕೇಳಲಿಲ್ಲ.
ಆ ಸುಗ್ಗಿಯ ತನಕ ಅಟ್ಟಣೆಯಿಂದ ದಿನಾ ಸದ್ದು,
ಹಂದಿ ಬಂದ ರಾತ್ರಿಯೂ, ಬಾರದ ರಾತ್ರಿಯೂ.
ಅಳಿಯನ ಹೆಸರಿದ್ದ ಬಿಲ್ಲೆಗಳೆಲ್ಲ ಖರ್ಚಾಗಿದ್ದವು.
ನನ್ನದನ್ನು ಮಾತ್ರ ಹಾರಿಸಿರಲಿಲ್ಲ.

ನಿನ್ನೆ ರಾತ್ರಿ ಹೊಲದಂಚಿನಲ್ಲಿ ಮೂರು ಹಂದಿ.
ಕೆಂಪಿನದೊಂದು ತುಂಬಿ ಆಕಾಶಕ್ಕೆ ಹಾರಿಸಿದೆ.
ಡಬ್ಬಿಯ ಮೇಲೆ ಬರೆದ ಹಾಗೇ ಹಾರಿತು,
ಒದೆಯಲಿಲ್ಲ, ಕೆಮ್ಮಲಿಲ್ಲ. ಹಂದಿ ಓಡಿದವು.
ಎಣಿಸಲು ಏನೂ ಉಳಿಯಲಿಲ್ಲ.

ನವೀಕರಣದ ಅರ್ಜಿಯಲ್ಲಿ ಒಂದು ಕಲಮು:
ಕೈಯಲ್ಲಿರುವ ತೋಟಾ ಎಷ್ಟು?
ಟ್ರಂಕಿನ ಕಡೆ ಒಮ್ಮೆ ನೋಡಿ
ನಾಲ್ಕು ಅಂತ ಬರೆದೆ.